ಉರಿಯೂತ: ಕುದುರೆಯ ಕರುಳಿಗೆ ಬಂದಾಗ

ಉರಿ, ಊತ ಎರಡೂ ಸೇರಿ ಉರಿಯೂತ. ಚೇಳು ಕುಟುಕಿದ ಬೆರಳಿಗೆ ಹೇಳಿ ಮಾಡಿಸಿದ ಪದ. ಆದರೆ ಕುದುರೆಯ ಕರುಳಿಗೆ ಇದು ಬಂದರೆ ಉರಿಯೂ ಕಾಣದು, ಊತವೂ ಕಾಣದು. ಕಾಣುವುದು ಲದ್ದಿ ಮಾತ್ರ.

ಬಳ್ಳಾರಿಯ ನಮ್ಮ ಓಣಿಯಲ್ಲಿ ಮದುವೆ ಮೆರವಣಿಗೆಗೆ ಹೋಗುವ ಬಿಳಿ ಕುದುರೆಯೊಂದಿತ್ತು. ಒಂದು ಬೇಸಿಗೆಯಲ್ಲಿ ಅದರ ಲದ್ದಿ ಉಂಡೆ ಕಟ್ಟದೆ ನೀರಾಯಿತು. ಬಂದ ಡಾಕ್ಟರ್ ಹೊಟ್ಟೆ ಮುಟ್ಟಲೇ ಇಲ್ಲ. ಮೊದಲು ತುಟಿ ಎತ್ತಿ, ಒಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟರು. ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಇದಕ್ಕೆ 4 ಎಣಿಸುವಷ್ಟು ಹೊತ್ತಾಯಿತು, ಅಂದರೆ ಮೈಯಲ್ಲಿ ನೀರು ಕಡಿಮೆಯಾಗಿ ರಕ್ತದ ಓಟ ನಿಧಾನವಾಗಿತ್ತು. ನಿಮಿಷಕ್ಕೆ 28ರಿಂದ 44 ಇರಬೇಕಾದ ಎದೆಬಡಿತ 80 ದಾಟಿತ್ತು.

“ಏನು ಹಾಕಿದ್ರಿ ಇದಕ್ಕ?”

“ಕಾಲು ಕುಂಟ್ತಿತ್ತು ಸರ್. ಹತ್ತು ದಿನ ಆತು, ನೋವಿನ ಪುಡಿ ಹಾಕಾಕತ್ತೀನಿ.”

ಗುಟ್ಟು ಇದ್ದದ್ದು ಅಲ್ಲೇ. ಫಿನೈಲ್‌ಬ್ಯೂಟಜೋನ್‌ನಂಥ ನೋವಿನ ಔಷಧಿ ಜಾಸ್ತಿಯಾದರೆ ದೊಡ್ಡ ಕರುಳಿನಲ್ಲಿ ಹುಣ್ಣಾಗುತ್ತದೆ. ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಗಳು, ಜಂತುಹುಳು, ಕೆಲವು ಆ್ಯಂಟಿಬಯೋಟಿಕ್‌ಗಳಿಂದಲೂ ಉರಿಯೂತ ಬರಬಹುದು. ಡಾಕ್ಟರನ್ನು ಕೇಳದೆ ಸುಮ್ನೆ ಪುಡಿ ಹಾಕುವ ಚಾಳಿ ನಮ್ಮಲ್ಲಿ ಸ್ವಲ್ಪ ಹೆಚ್ಚೇ, ಅಲ್ವಾ?

ಎತ್ತಿನ ಹೊಟ್ಟೆಯಲ್ಲಿ ಮೇವು ಹುಳಿಯುವುದು ಮುಂದೆ, ಕುದುರೆಯಲ್ಲಿ ಹಿಂದೆ, ದೊಡ್ಡ ಕರುಳಿನಲ್ಲಿ. ನೀರು ಹೀರುವ ಕೆಲಸವೂ ಹೆಚ್ಚಾಗಿ ಅಲ್ಲೇ. ಆ ಗೋಡೆ ಬಾತುಕೊಂಡರೆ ನೀರು ಮೈಗೆ ಸೇರುವ ಬದಲು ಹೊರಗೆ ಸೋರುತ್ತದೆ. ಜೊತೆಗೆ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನೂ ಹೋಗುತ್ತದೆ. ಅದಕ್ಕೇ ರಕ್ತದಲ್ಲಿ ಅಲ್ಬುಮಿನ್ ಎಷ್ಟಿದೆ ಅಂತ ನೋಡುತ್ತಾರೆ. ಗೋಡೆ ಎಷ್ಟು ದಪ್ಪವಾಗಿದೆ ಅಂತ ಅಲ್ಟ್ರಾಸೌಂಡ್ ಹೇಳುತ್ತದೆ. ಲದ್ದಿಯನ್ನು ಒಂದೇ ಸಲ ಪರೀಕ್ಷೆ ಮಾಡಿದರೆ ಸಾಲದು. ಸಾಲ್ಮೊನೆಲ್ಲಾ ಒಂದು ದಿನ ಸಿಕ್ಕರೆ ಮರುದಿನ ಸಿಗದೇ ಇರಬಹುದು.

ಚಿಕಿತ್ಸೆಯಲ್ಲಿ ಮುಖ್ಯ ನೀರು. 400 ಕೆ.ಜಿ. ಕುದುರೆ ತನ್ನ ತೂಕದ 5% ನೀರು ಕಳೆದುಕೊಂಡರೆ 20 ಲೀಟರ್ ಹೋಯಿತು ಅಂತ ಲೆಕ್ಕ. ಆಸ್ಪತ್ರೆಯಲ್ಲಿ ನಮಗೆ ಏರಿಸುವ ಅರ್ಧ ಲೀಟರ್ ಬಾಟಲಿ 40 ಬೇಕು! ನೋವಿನ ಪುಡಿ ಅವತ್ತೇ ಬಂದ್. ಸಾಲ್ಮೊನೆಲ್ಲಾ ಮನುಷ್ಯರಿಗೂ ಅಂಟುತ್ತದೆ, ಹಾಗಾಗಿ ಕುದುರೆಯನ್ನು ಬೇರೆ ಕಡೆ ಕಟ್ಟಿಸಿದರು.

ಆಮೇಲೆ ಡಾಕ್ಟರ್ ಐಸ್ ತರಿಸಿದರು, ಗೊರಸಿಗೆ! ಬಾತ ಕರುಳಿನಿಂದ ಬ್ಯಾಕ್ಟೀರಿಯಾಗಳ ವಿಷ ರಕ್ತಕ್ಕೆ ಸೇರಿದರೆ ಗೊರಸಿನೊಳಗೂ ಉರಿಯೂತ ಶುರುವಾಗಬಹುದು. ಹಾಗಾದರೆ ಕುದುರೆ ನಿಲ್ಲಲಾರದು. ಅದು ಬರುವ ಮೊದಲೇ ತಂಪು ಮಾಡಬೇಕು. ಮೀನಿನಂಗಡಿಯಿಂದ ಗೋಣಿಚೀಲದಲ್ಲಿ ಐಸ್ ಹೊತ್ತು ತಂದ ಮಾಲೀಕ ಮೂರು ದಿನ ಗೊರಸು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಉರಿ ಕೈಗೆ ಸಿಗುವ ಜಾಗ ಅದೊಂದೇ.