ಜಾಬ್ ಕೋಚ್ ಯಾವಾಗ ಹಿಂದೆ ಸರಿಯಬೇಕು?

ಬೌದ್ಧಿಕ ವೈಕಲ್ಯ ಇರುವವರಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟು, ಅವರು 'ತಯಾರಾದ' ಮೇಲೆ ಕೆಲಸ ಹುಡುಕುವುದು ಹಳೆಯ ಕ್ರಮ. ಎಷ್ಟೋ ಜನರ ಪಾಲಿಗೆ ಆ ತಯಾರಿ ಮುಗಿಯುವುದೇ ಇಲ್ಲ. ತರಬೇತಿ ಕೇಂದ್ರದಲ್ಲಿ ಕಲಿತದ್ದು ಕೆಲಸದ ಜಾಗದಲ್ಲಿ ನೆರವಿಗೆ ಬರುವುದೂ ಅಷ್ಟಕ್ಕಷ್ಟೇ. ಅಲ್ಲಿನ ಮೇಜು ಬೇರೆ, ಸದ್ದು ಬೇರೆ, ಹೇಳುವವರ ದನಿ ಬೇರೆ. 1970ರ ದಶಕದಲ್ಲಿ ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್, ತೀವ್ರ ಬೌದ್ಧಿಕ ವೈಕಲ್ಯ ಇದ್ದವರಿಗೆ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸುವುದನ್ನು ಕಲಿಸಿ ತೋರಿಸಿದರು. ಒಬ್ಬರು ಕಲಿಯುತ್ತಿಲ್ಲ ಎಂದರೆ ಬದಲಾಗಬೇಕಾದ್ದು ಕಲಿಸುವ ಬಗೆ ಎಂಬುದು ಅವರ ಪಟ್ಟು. 1980ರ ದಶಕದಲ್ಲಿ ಕ್ರಮ ತಿರುವುಮುರುವಾಯಿತು: ಮೊದಲು ಕೆಲಸ, ಆಮೇಲೆ ಅದೇ ಜಾಗದಲ್ಲಿ ತರಬೇತಿ. ಕೆಲಸದ ಜಾಗದಲ್ಲೇ ಜೊತೆಗಿದ್ದು ಕಲಿಸುವ ಜಾಬ್ ಕೋಚ್ ಎಂಬ ಹುದ್ದೆ ಬಲಗೊಂಡದ್ದು ಇಲ್ಲಿಂದಲೇ. ಈ ಹುದ್ದೆಯ ಕಷ್ಟವಿರುವುದು ನೆರವು ಕೊಡುವುದರಲ್ಲಿ ಅಲ್ಲ, ಕೊಟ್ಟ ನೆರವನ್ನು ಹಿಂತೆಗೆಯುವುದರಲ್ಲಿ.

ಕೆಲಸ ಹೊಂದಿಸುವಾಗ 'ನಿಮಗೆ ಯಾವ ಕೆಲಸ ಇಷ್ಟ?' ಎಂದು ಕೇಳಿ ಬರೆದುಕೊಂಡರೆ ಸಾಲದು. ಹೆಚ್ಚಿನವರು ಕೇಳಿದವರಿಗೆ ಹಿತವಾಗುವ ಉತ್ತರ ಕೊಡುತ್ತಾರೆ. ನಿಜವಾದ ಕೆಲಸದ ಜಾಗದಲ್ಲಿ ಒಂದೆರಡು ದಿನ ಮಾಡಿಸಿ ನೋಡಬೇಕು. ಎಷ್ಟು ಹೊತ್ತು ನಿಲ್ಲಬಲ್ಲರು, ಯಂತ್ರದ ಸದ್ದು ತಡೆದುಕೊಳ್ಳುತ್ತಾರೆಯೆ, ಪಕ್ಕದಲ್ಲಿ ಜನ ಓಡಾಡಿದರೆ ಕೈ ನಿಲ್ಲುತ್ತದೆಯೆ, ದಿನದ ಯಾವ ಹೊತ್ತಿನಲ್ಲಿ ಚುರುಕಾಗಿರುತ್ತಾರೆ ಎಂಬುದೆಲ್ಲ ಅಲ್ಲೇ ಗೊತ್ತಾಗುವುದು.

ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವ ಕೆಲಸ ತೆಗೆದುಕೊಳ್ಳಿ. ಕೋಚ್ ಮೊದಲು ತಾನೇ ಆ ಕೆಲಸ ಮಾಡಿ, ಹಂತಪಟ್ಟಿ ಬರೆಯಬೇಕು: ಮಡಚಿದ ಪೆಟ್ಟಿಗೆ ಬಿಡಿಸುವುದು, ಅಡಿಯ ಎರಡು ಚಿಕ್ಕ ಮಡಿಕೆ ಒಳಗೆ, ಆಮೇಲೆ ಎರಡು ದೊಡ್ಡವು, ಟೇಪು, ಮಗುಚುವುದು, 12 ಬಾಟಲಿ, ಮುಚ್ಚುವುದು, ಲೇಬಲ್. ಬಿಡಿಸಿ ಬರೆದರೆ ಹದಿನೆಂಟು ಹಂತ ಆರಾಮವಾಗಿ ಆಗುತ್ತದೆ. ಹನ್ನೆರಡರವರೆಗೆ ಎಣಿಸಲು ಬಾರದವರಿಗೆ ಎಣಿಕೆ ಕಲಿಸುತ್ತ ಕೂರಬೇಡಿ. 12 ಗುಳಿಗಳಿರುವ ಟ್ರೇ ಕೊಡಿ. ಗುಳಿ ಖಾಲಿ ಇದ್ದರೆ ಕಣ್ಣಿಗೆ ಕಾಣುತ್ತದೆ, ಎಣಿಕೆಯ ಮಾತೇ ಬೇಡ. ಲೇಬಲ್ ಸೊಟ್ಟಗಾಗುತ್ತಿದ್ದರೆ ಪೆಟ್ಟಿಗೆಯ ಮೂಲೆಗೆ ತಾಗಿಸಿ ಇಡುವ ಒಂದು ರಟ್ಟಿನ ಚೌಕಟ್ಟು ಸಾಕು.

ಸುಳಿವು ಕೊಡುವುದರಲ್ಲೂ ಲೆಕ್ಕಾಚಾರ ಬೇಕು. ಮೊದಲು ಮನಸ್ಸಿನಲ್ಲೇ ಐದು ಎಣಿಸಿ ಕಾಯಿರಿ. ಆಗಲಿಲ್ಲವೆ, ಬೆರಳು ತೋರಿಸಿ. ಅದೂ ಸಾಲದಿದ್ದರೆ ಮಾಡಿ ತೋರಿಸಿ. ಅದಕ್ಕೂ ಆಗದಿದ್ದರೆ, ಅವರ ಒಪ್ಪಿಗೆ ಪಡೆದು, ಕೈ ಹಿಡಿದು ಮಾಡಿಸಿ. ಮಾತನ್ನು ಆದಷ್ಟು ಮಿತವಾಗಿ ಬಳಸಿ, ಏಕೆಂದರೆ ಎಲ್ಲಕ್ಕಿಂತ ಹಿಂತೆಗೆಯಲು ಕಷ್ಟವಾದ ಸುಳಿವು ಅದೇ. 'ಈಗ ಟೇಪು, ಈಗ ಮಗುಚಿ' ಎಂದು ದಿನವಿಡೀ ಹೇಳಿದರೆ ಆ ದನಿಯೇ ಕೆಲಸದ ಒಂದು ಹಂತವಾಗಿಬಿಡುತ್ತದೆ. ದನಿ ನಿಂತರೆ ಕೈಯೂ ನಿಲ್ಲುತ್ತದೆ. ಪ್ರತಿ ಹಂತಕ್ಕೂ 'ಸೂಪರ್' ಎನ್ನುವ ಕೋಚ್‌ಗಳದ್ದೂ ಇದೇ ಪಾಡು. ಒಂದೊಂದು ಹಂತ ಮುಗಿದಾಗಲೂ ಕಲಿಯುವವರು ಪೆಟ್ಟಿಗೆ ಬಿಟ್ಟು ನಿಮ್ಮ ಮುಖ ನೋಡುತ್ತಿದ್ದರೆ, ನೀವು ಆಗಲೇ ಮಿತಿ ಮೀರಿದ್ದೀರಿ. ದೊಡ್ಡ ಮಡಿಕೆಗೆ ಮೊದಲು ಕೈ ಹೋದರೆ ಆ ಕ್ಷಣವೇ ಸದ್ದಿಲ್ಲದೆ ತಡೆಯಿರಿ. ತಪ್ಪು ಪೂರ್ತಿಯಾಗಲು ಬಿಟ್ಟು ಆಮೇಲೆ ತಿದ್ದಿದರೆ, ತಪ್ಪೂ ತಿದ್ದುಪಡಿಯೂ ಎರಡೂ ಅಭ್ಯಾಸವಾಗುತ್ತವೆ.

ಪ್ರತಿ ಹಂತದ ಎದುರು ತಾವೇ ಮಾಡಿದರೋ, ಸುಳಿವು ಬೇಕಾಯಿತೋ ಎಂದು ಗುರುತು ಹಾಕಿಕೊಳ್ಳಿ. ಹದಿನೆಂಟರಲ್ಲಿ ಹದಿನೈದು ತಾವೇ ಮಾಡಿದರೆ ಶೇ. 83. ವರದಿಗೆ ಆ ಅಂಕಿ ಚೆನ್ನ, ಆದರೆ ಕೆಲಸಕ್ಕೆ ಬರುವುದು ಉಳಿದ ಮೂರು ಯಾವುವು ಎಂಬುದು. ವಾರ ಕಳೆದರೂ ಅದೇ ಮೂರು ಉಳಿದಿದ್ದರೆ ದೋಷ ಟೇಪಿನ ಹಿಡಿಯಲ್ಲೋ ಮೇಜಿನ ಎತ್ತರದಲ್ಲೋ ಇದೆಯೆ ನೋಡಿ. ವೇಗದ ಚಿಂತೆ ನಂತರದ್ದು. ಕೈ ಸರಿಯಾಗಿ ಕೂರುವ ಮೊದಲೇ ಅವಸರಿಸಿದರೆ ಎರಡೂ ಕೆಡುತ್ತವೆ. ಕೋಚ್ ನಿಲ್ಲುವ ಜಾಗವೂ ಬದಲಾಗುತ್ತ ಹೋಗಬೇಕು: ಪಕ್ಕ, ಹಿಂದೆ, ಕೋಣೆಯ ಆ ಬದಿ, ಕೊನೆಗೆ ಕಣ್ಣಿಗೆ ಕಾಣದಷ್ಟು ದೂರ. ಹೀಗೆ ಸರಿಯುತ್ತೇವೆ ಎಂದು ಅವರಿಗೆ ಮುಂಚೆಯೇ ಹೇಳಿರಬೇಕು. ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗುವುದು ಸರಿಯಲ್ಲ.

ಎಲ್ಲ ಚೆನ್ನಾಗಿ ಕಲಿಸಿಯೂ ಕೆಲಸ ಕೈತಪ್ಪುವುದು ಎರಡು ಕಡೆ. ಒಂದು, ಸೂಪರ್‌ವೈಸರ್. 'ಅವರಿಗೆ ಈ ಪೆಟ್ಟಿಗೆ ಆಮೇಲೆ ಅಂತ ಹೇಳ್ರೀ' ಎಂದು ಕೋಚ್ ಕಡೆ ತಿರುಗಿದರೆ, 'ನೀವೇ ಹೇಳಿ ಸರ್, ಇಲ್ಲೇ ಇದ್ದಾರಲ್ಲ' ಎನ್ನಬೇಕು. ಸೂಪರ್‌ವೈಸರ್ ನೇರವಾಗಿ ಹೇಳಲು ಕಲಿಯದ ಹೊರತು ಕೋಚ್ ಹೊರಬೀಳುವಂತಿಲ್ಲ. ಲೆಕ್ಕ ತುಂಬಲಿ ಎಂದು ಕೋಚ್ ತಾನೂ ನಾಲ್ಕು ಪೆಟ್ಟಿಗೆ ಕಟ್ಟುವುದು ಇನ್ನೂ ದೊಡ್ಡ ಅಪಾಯ. ನಿಜವಾದ ಉತ್ಪಾದನೆ ಎಷ್ಟೆಂದು ಮಾಲೀಕರಿಗೆ ತಿಳಿಯುವುದೇ ಕೋಚ್ ಹೋದ ಮೇಲೆ.

ಇನ್ನೊಂದು, ವಿರಾಮದ ವೇಳೆ. ಕೆಲಸಕ್ಕೆ ಹದಿನೆಂಟು ಹಂತ ಬರೆದವರು ವಿರಾಮಕ್ಕೆ ಒಂದೂ ಬರೆದಿರುವುದಿಲ್ಲ. ಬ್ಯಾಗ್ ಎಲ್ಲಿಡುವುದು, ಯಾವ ಕುರ್ಚಿ ಯಾರದೆಂದು ರೂಢಿಯಾಗಿದೆ, ಯಾರಿಗೆ ಹೇಳಿ ಹೊರಗೆ ಹೋಗುವುದು, ತಮಾಷೆಗೆ ಏನನ್ನುವುದು. ಕೋಚ್ ಅವರ ಪಕ್ಕದಲ್ಲೇ ಊಟಕ್ಕೆ ಕುಳಿತರೆ ಆ ಮೇಜಿಗೆ ಬೇರೆ ಯಾರೂ ಬರುವುದಿಲ್ಲ. ಆದಷ್ಟು ಬೇಗ ಕೋಚ್ ಬೇರೆ ಕಡೆ ಕೂರಬೇಕು. ನಾಲ್ಕು ಗಂಟೆಯ ಅರೆಕಾಲಿಕ ಕೆಲಸವಾದರೆ, ಪಾಳಿಯ ನಡುವೆ ಎಲ್ಲರ ವಿರಾಮ ಬರುವಂತೆ ಸಮಯ ಕೇಳಿ ಪಡೆಯಿರಿ. ಇಲ್ಲದಿದ್ದರೆ ವರ್ಷ ಕಳೆದರೂ ಸಹೋದ್ಯೋಗಿಗಳಿಗೆ ಅವರ ಹೆಸರು ಗೊತ್ತಿರುವುದಿಲ್ಲ. ಮೂವತ್ತು ವರ್ಷದವರನ್ನು ಕೋಚ್ 'ಪುಟ್ಟ' ಎಂದು ಕರೆದರೆ ಉಳಿದವರೂ ಹಾಗೆಯೇ ಕರೆಯುತ್ತಾರೆ ಎಂಬುದೂ ನೆನಪಿರಲಿ.

ಓಡಾಟ ಕಲಿಸುವುದು ಕೆಲಸದ ಹೊತ್ತಿನಲ್ಲೇ ಆಗಬೇಕು. ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಕಲಿತದ್ದು ಬೆಳಗಿನ ನೂಕುನುಗ್ಗಲಿಗೆ ಸಾಲದು. ಸರಿಯಾದ ಸ್ಟಾಪಿನಲ್ಲಿ ಇಳಿಯುವುದಷ್ಟೇ ಅಲ್ಲ, ಸ್ಟಾಪ್ ತಪ್ಪಿದರೆ, ಬಸ್ಸೇ ಬಾರದಿದ್ದರೆ, ಫೋನ್ ಚಾರ್ಜ್ ಮುಗಿದರೆ ಏನು ಮಾಡಬೇಕೆಂದು ಬೇಕೆಂದೇ ಸ್ಟಾಪ್ ತಪ್ಪಿಸಿ ಅಭ್ಯಾಸ ಮಾಡಿಸಬೇಕು. ಕೊನೆಯ ಹಂತದಲ್ಲಿ ಕೋಚ್ ಅದೇ ಬಸ್ಸಿನಲ್ಲಿ ದೂರ ಕೂತು ಬರುತ್ತಾರೆ.

ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಹಂತಪಟ್ಟಿ ಅಷ್ಟಾಗಿ ಬೇಕಾಗುವುದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ವಿಧಾನದಲ್ಲಿ ಉದ್ಯೋಗ ಸಹಾಯಕರು ಚಿಕಿತ್ಸಾ ತಂಡದ ಜೊತೆಯಲ್ಲೇ ಕೆಲಸ ಮಾಡುತ್ತಾರೆ. ದೀರ್ಘ ಪರೀಕ್ಷೆಗಳಿಗೆ ಕಾಯದೆ ಬೇಗ ಕೆಲಸ ಹುಡುಕುತ್ತಾರೆ. ರಾತ್ರಿಯ ಮಾತ್ರೆಯಿಂದ ಬೆಳಿಗ್ಗೆ ಮಂಪರಿದ್ದರೆ ವೈದ್ಯರ ಜೊತೆ ಮಾತಾಡುವುದು, ಪಾಳಿಯನ್ನು 11 ಗಂಟೆಗೆ ಸರಿಸುವುದು ಇಲ್ಲಿನ ಬಗೆ. ಕಾಯಿಲೆಯ ಹೆಸರು ಹೇಳಬೇಕೋ ಬೇಡವೋ ಎಂಬುದು ಅವರದೇ ನಿರ್ಧಾರ. ಬಹಳ ಸಲ 'ಸೂಚನೆ ಬರೆದು ಕೊಡಿ' ಎಂದು ಬೇಕಾದ್ದನ್ನಷ್ಟೇ ಕೇಳಿದರೆ ಸಾಕಾಗುತ್ತದೆ.

ಗಾಲಿಕುರ್ಚಿ ಬಳಸುವವರಿಗೆ ಹೆಚ್ಚಾಗಿ ಬೇಕಾದ್ದು ಕೋಚ್ ಅಲ್ಲ, ಕಟ್ಟಡದ ತಿದ್ದುಪಡಿ. 15 ಸೆಂ.ಮೀ. ಮೆಟ್ಟಿಲಿಗೆ 1:12 ಇಳಿಜಾರಿನ ಲೆಕ್ಕದಲ್ಲಿ 180 ಸೆಂ.ಮೀ. ಉದ್ದದ ರ‍್ಯಾಂಪ್ ಬೇಕು. ಬಾಗಿಲಿಗೆ ರ‍್ಯಾಂಪ್ ಹಾಕಿ, ಶೌಚಾಲಯದಲ್ಲಿ ಕುರ್ಚಿ ತಿರುಗಲು ಬೇಕಾದ 150 ಸೆಂ.ಮೀ. ಜಾಗ ಮರೆಯುವವರೇ ಹೆಚ್ಚು.

ಕೋಚ್ ಹೊರಬಂದ ಮೇಲೆ ತಿಂಗಳಿಗೊಮ್ಮೆ ಭೇಟಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವವರಿದ್ದಾರೆ. ತೊಂದರೆ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಸೂಪರ್‌ವೈಸರ್ ಬದಲಾದಾಗ, ಬಾಟಲಿಯ ಅಳತೆ ಬದಲಾದಾಗ, ಮನೆಯಲ್ಲಿ ನೋಡಿಕೊಳ್ಳುವವರು ಬದಲಾದಾಗ ಬರುತ್ತದೆ. ಆಗ ಯಾರು ಯಾರಿಗೆ ಫೋನ್ ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಹಂತಪಟ್ಟಿಯ ಒಂದು ಪ್ರತಿ ಕೈಯಲ್ಲಿದ್ದರೆ, ಬದಲಾದ ಎರಡು ಹಂತಗಳನ್ನಷ್ಟೇ ಕಲಿಸಿ ಮತ್ತೆ ಹೊರಡಬಹುದು.