ಅನುಪಾಲನಾ ವರದಿಯ ನಾಲ್ಕನೇ ಅಧ್ಯಾಯ

ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯ ಬಗ್ಗೆ ಸಂಸದರು ಸದನದಲ್ಲಿ ಕೇಳಿದರೆ ಸಚಿವರು ನಾಲ್ಕು ಸಾಲಿನಲ್ಲಿ ಉತ್ತರಿಸಿ ಕೂರಬಹುದು. ಅದೇ ವಿಷಯವನ್ನು ಸ್ಥಾಯಿ ಸಮಿತಿ, ಅಂದರೆ ಇಲಾಖೆಯ ಕೆಲಸ ಪರಿಶೀಲಿಸುವ ಸಂಸದರ ಸಮಿತಿ, ಎತ್ತಿಕೊಂಡರೆ ಹಾಗಾಗದು. ಮೊದಲು ಪ್ರಶ್ನಾವಳಿ ಹೋಗುತ್ತದೆ, ಲಿಖಿತ ಉತ್ತರ ಬರುತ್ತದೆ, ಆಮೇಲೆ ಇಲಾಖೆಯ ಕಾರ್ಯದರ್ಶಿಯೇ ಬಂದು ಸಾಕ್ಷ್ಯ ನುಡಿಯಬೇಕು. ಸಚಿವರನ್ನು ಕರೆಸುವುದಿಲ್ಲ. ಕ್ಯಾಮೆರಾ ಇಲ್ಲದ ಕೋಣೆ, ಆದ್ದರಿಂದ ಸದಸ್ಯರು ಪಕ್ಷ ಮರೆತು ಪ್ರಶ್ನಿಸುವುದೂ ಉಂಟು.

1993ರಲ್ಲಿ 17 ಇದ್ದ ಇಂಥ ಸಮಿತಿಗಳು 2004ರಿಂದ 24. ಒಂದೊಂದರಲ್ಲಿ 31 ಮಂದಿ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ನಮ್ಮ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಂಥ ಸರ್ಕಾರಿ ಕಂಪನಿಗಳ ಲೆಕ್ಕ ನೋಡಲು 22 ಸದಸ್ಯರ ಸಾರ್ವಜನಿಕ ಉದ್ದಿಮೆಗಳ ಸಮಿತಿ ಬೇರೆಯೇ ಇದೆ.

ವರದಿ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ, ಹೆಚ್ಚಿನವರು ಅಲ್ಲಿಗೇ ಮರೆಯುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಗ. ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಆದರೆ ಮೂರು ತಿಂಗಳೊಳಗೆ ಉತ್ತರ ಕೊಡಲೇಬೇಕು. ಆ ಉತ್ತರಗಳನ್ನು ತೂಗಿ ಸಮಿತಿ ಅನುಪಾಲನಾ ವರದಿ ಬರೆಯುತ್ತದೆ. ಲೋಕಸಭೆಯ ಅಡಿಯ ಸಮಿತಿಗಳ ಇಂಥ ವರದಿಯಲ್ಲಿ ಐದು ಅಧ್ಯಾಯ. ಮೊದಲನೆಯದು ಸಮಿತಿಯ ಮಾತು. ಎರಡರಲ್ಲಿ ಸರ್ಕಾರ ಒಪ್ಪಿದ್ದು, ಮೂರರಲ್ಲಿ ಉತ್ತರ ನೋಡಿ ಸಮಿತಿ ಕೈಬಿಟ್ಟದ್ದು, ನಾಲ್ಕರಲ್ಲಿ ಸಮಿತಿ ಒಪ್ಪದ ಉತ್ತರ, ಐದರಲ್ಲಿ ಅಂತಿಮ ಉತ್ತರ ಇನ್ನೂ ಬಾರದ್ದು.

ನೇರ ನಾಲ್ಕಕ್ಕೆ ಹೋಗಿ. ಜಗಳ ಇರುವುದು ಅಲ್ಲಿ. ಆಮೇಲೆ ಎರಡನ್ನು ಅನುಮಾನದಿಂದಲೇ ಓದಿ: ‘ಗಮನಿಸಲಾಗಿದೆ, ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ’ ಎಂಬ ಉತ್ತರವೂ ಅಲ್ಲಿ ಒಪ್ಪಿಗೆಯ ಲೆಕ್ಕಕ್ಕೆ ಸೇರಿರಬಹುದು. ಗಡುವು, ಮೊತ್ತ, ಆದೇಶದ ಸಂಖ್ಯೆ, ಈ ಮೂರರಲ್ಲಿ ಯಾವುದೊಂದೂ ಇಲ್ಲದಿದ್ದರೆ ಏನೂ ಆಗಿಲ್ಲವೆಂದೇ ತಿಳಿಯಿರಿ.

ಸಮಿತಿಯ ಅವಧಿ ಒಂದೇ ವರ್ಷ. ಸದಸ್ಯರಿಗೆ ವಿಷಯ ಕೈಗೆ ಹತ್ತುವಷ್ಟರಲ್ಲಿ ಸಮಿತಿ ಹೊಸದಾಗಿ ರಚನೆಯಾಗುತ್ತದೆ. ನನ್ನ ಮಟ್ಟಿಗೆ ಈ ಒಂದು ವರ್ಷವೇ ವ್ಯವಸ್ಥೆಯ ದೊಡ್ಡ ದೋಷ.

ಜನರೇ ದೂರು ಒಯ್ಯಲು ಲೋಕಸಭೆಯ ಅರ್ಜಿಗಳ ಸಮಿತಿ ಇದೆ. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಸಹಿ ಹಾಕಿ ಜೊತೆಗಿಡಬೇಕು. ಪ್ರತಿ ಸಹಿದಾರರ ಪೂರ್ಣ ಹೆಸರು, ವಿಳಾಸ ಬೇಕು. ಪತ್ರ, ಅಫಿಡವಿಟ್ ಲಗತ್ತಿಸುವಂತಿಲ್ಲ. ಕೋರ್ಟಿನ ವ್ಯಾಪ್ತಿಗೆ ಬರುವ ವಿಷಯ ನಡೆಯದು. ಮಂಗಳೂರಿನ ಒಳಚರಂಡಿಯ ದೂರನ್ನು ದೆಹಲಿಗೆ ಕಳಿಸಿ ಪ್ರಯೋಜನವಿಲ್ಲ, ಅದು ರಾಜ್ಯದ ವಿಷಯ, ವಿಧಾನಸಭೆಗೆ ಹೋಗಬೇಕು.