ನಾರಾದ ಜಿಂಕೆ ನಿಜವಾಗಿ ನಮಸ್ಕಾರ ಮಾಡುತ್ತದಾ?

ಪ್ರಶ್ನೆ: ಬರುವ ಅಕ್ಟೋಬರಿನಲ್ಲಿ ಜಪಾನಿಗೆ ಹೊರಟಿದ್ದೇವೆ. ಜೊತೆಗೆ ಆರು ವರ್ಷದ ಮಗಳು. ನಾರಾ ಪಾರ್ಕಿನ ಜಿಂಕೆಗಳು ಮನುಷ್ಯರಿಗೆ ತಲೆಬಾಗಿ ನಮಸ್ಕಾರ ಮಾಡುವಷ್ಟು ಸಾಧು ಅಂತ ಕೇಳಿದ್ದೇವೆ. ಮಗು ಹತ್ತಿರ ಹೋಗಿ ತಿನ್ನಿಸಬಹುದಲ್ವಾ?

ಉತ್ತರ: ಹೋಗಬಹುದು. ನೀವು ಪಕ್ಕದಲ್ಲೇ ನಿಂತಿದ್ದರೆ ತಿನ್ನಿಸಲೂಬಹುದು. ಆದರೆ ಆ "ನಮಸ್ಕಾರ ಮಾಡುವಷ್ಟು ಸಾಧು" ಅನ್ನುವ ಮಾತು ಇದೆಯಲ್ಲ, ಅದನ್ನು ದಯವಿಟ್ಟು ಊರಲ್ಲೇ ಬಿಟ್ಟು ವಿಮಾನ ಹತ್ತಿ.

ಮಗಳು ಒಸಾಕಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಎರಡು ಸಲ ನಾರಾ ನೋಡಿ ಬಂದೆ. ಅದೇ ತಪ್ಪಾಯಿತು. ನಮ್ಮ ಕಾಡಂಚಿನ ತಾಳವಾಡಿ ಸುತ್ತಮುತ್ತ ಯಾರ ಮನೆಯಲ್ಲಿ ಜಪಾನಿನ ಮಾತು ಬಂದರೂ ಈ ಪ್ರಶ್ನೆ ನೇರ ನನ್ನ ಹತ್ತಿರ ಬರುತ್ತದೆ. ಮದುವೆ ಊಟಕ್ಕೆ ಎಲೆ ಮುಂದೆ ಕೂತಾಗ ಕೇಳಿದವರಿದ್ದಾರೆ. ಚಾಮರಾಜನಗರದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದವರಿದ್ದಾರೆ. ಮೂವತ್ತು ವರ್ಷ ಟೀಚರ್ ಆಗಿದ್ದವಳಿಗೆ ಹೇಳಿದ್ದನ್ನೇ ಹೇಳುವುದು ಹೊಸದಲ್ಲ. ಆದರೂ ಮಕ್ಕಳು ಮೂರನೇ ಸಲಕ್ಕಾದರೂ ಕಲಿಯುತ್ತಿದ್ದರು.

ಹೋಗುವ ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಸಾಕಾದ ನಂಬಾ ಸ್ಟೇಷನ್ನಿನಿಂದ ಕಿಂಟೆತ್ಸು ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ನಾರಾ. ಅಲ್ಲಿಂದ ನಡೆದೇ ಹೋಗಬಹುದು. ಪಾರ್ಕಿಗೆ ಗೇಟಿಲ್ಲ, ಟಿಕೆಟ್ಟಿಲ್ಲ, ಮುಚ್ಚುವ ಹೊತ್ತೂ ಇಲ್ಲ. ಜಿಂಕೆಗಳು ರಸ್ತೆ ದಾಟುತ್ತವೆ, ಬಸ್ಸುಗಳು ನಿಂತು ಕಾಯುತ್ತವೆ. ತೋದೈಜಿ ದೇವಾಲಯದ ದೊಡ್ಡ ಬಾಗಿಲಲ್ಲಿ ನಮ್ಮ ಊರಿನ ದನಗಳ ಹಾಗೆ ಮೆಲುಕು ಹಾಕುತ್ತಾ ಮಲಗಿರುತ್ತವೆ. ಒಟ್ಟು ಸಾವಿರಕ್ಕೂ ಜಾಸ್ತಿ ಇವೆ. ಪ್ರತಿ ವರ್ಷ ಜುಲೈಯಲ್ಲಿ ಎಣಿಸುತ್ತಾರೆ.

ಈಗ ನಮಸ್ಕಾರದ ವಿಚಾರಕ್ಕೆ ಬರೋಣ.

ಜಿಂಕೆ ತಲೆ ಬಾಗಿಸುವುದು ನಿಜ. ಅದರಲ್ಲಿ ಮೋಸ ಇಲ್ಲ. ಎದುರು ಬಂದು ನಿಲ್ಲುತ್ತದೆ, ಗೋಣು ಕೆಳಗೆ ಮಾಡುತ್ತದೆ, ಮೇಲೆತ್ತುತ್ತದೆ, ಮತ್ತೆ ಕೆಳಗೆ ಮಾಡುತ್ತದೆ. ಮೊದಲ ಸಲ ನೋಡಿದಾಗ ನನಗೂ ಕಣ್ಣು ತುಂಬಿ ಬಂತು. ಸೀರೆ ಸೆರಗು ಸರಿ ಮಾಡಿಕೊಂಡು ನಾನೂ ಕೈ ಮುಗಿದೆ. ಕೈ ಮುಗಿದಾಗ, ಜಿಂಕೆಗೆಂದೇ ಅಲ್ಲಿ ಮಾರುವ ಬಿಸ್ಕತ್ತು ಎರಡು ಅಂಗೈಗಳ ನಡುವೆ ಸಿಕ್ಕಿಕೊಂಡಿತ್ತು. ಮೂರನೇ ನಮಸ್ಕಾರ ಆದ ಮೇಲೆ ಆ ಜಿಂಕೆ ನನ್ನ ತೊಡೆಗೆ ಒಂದು ಗುಮ್ಮು ಗುಮ್ಮಿತು. ನಾನು ಹಿಂದೆ ಸರಿಯುವಷ್ಟರಲ್ಲಿ ಇನ್ನೊಂದು ಜಿಂಕೆ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತ್ತು. ಮಗಳು ಸಹಾಯಕ್ಕೆ ಬರಲಿಲ್ಲ, ನಗುತ್ತಾ ವಿಡಿಯೋ ಮಾಡುತ್ತಿದ್ದಳು.

ಈ ನಮಸ್ಕಾರದ ಕಥೆ ಎರಡು ರೂಪದಲ್ಲಿ ಓಡಾಡುತ್ತದೆ. ಒಂದು: ಜಪಾನಿನ ಜನ ಪರಸ್ಪರ ತಲೆಬಾಗುತ್ತಾರೆ, ಅದನ್ನು ನೋಡಿ ನೋಡಿ ಜಿಂಕೆಗಳೂ ಕಲಿತವು. ಇನ್ನೊಂದು: ಅವು ದೇವರ ಜಿಂಕೆಗಳು, ಆದ್ದರಿಂದ ವಿನಯ ಹುಟ್ಟಿನಿಂದಲೇ ಬಂದಿದೆ. ಎರಡೂ ಕೇಳಲು ಚೆನ್ನಾಗಿವೆ. ಎರಡೂ ತಪ್ಪು.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಕಸುಗಾ ತೈಶಾ ಅನ್ನುವ ದೇವಸ್ಥಾನ 768ರಲ್ಲಿ ಕಟ್ಟಿದ್ದು. ಅಲ್ಲಿಯ ದೇವರು ತಕೆಮಿಕಾಜುಚಿ ದೂರದ ಕಾಶಿಮಾದಿಂದ ಬಿಳಿ ಜಿಂಕೆ ಏರಿ ಮಿಕಾಸಾ ಬೆಟ್ಟಕ್ಕೆ ಬಂದ ಅಂತ ಐತಿಹ್ಯ. ಅಂದಿನಿಂದ ಅಲ್ಲಿಯ ಜಿಂಕೆಗಳು ದೇವರ ದೂತರು. ಒಂದು ಕಾಲದಲ್ಲಿ ಅವನ್ನು ಕೊಂದವರಿಗೆ ಮರಣದಂಡನೆಯೇ ಇತ್ತು. ಇದೆಲ್ಲ ಸರಿ. ಆದರೆ ಇದು ಮನುಷ್ಯರ ನಂಬಿಕೆ, ಜಿಂಕೆಗೆ ಇದರ ಸುದ್ದಿಯೇ ಇಲ್ಲ. ನಮ್ಮ ಮಾದಪ್ಪ ಹುಲಿ ಏರಿ ಬೆಟ್ಟ ಸುತ್ತಿದವನು. ಹಾಗಂತ ದಿಂಬಂ ಘಾಟಿಯ ತಿರುವಿನಲ್ಲಿ ಹುಲಿ ಎದುರಾದರೆ ಯಾರಾದರೂ ಬೈಕ್ ನಿಲ್ಲಿಸಿ ಹಣೆ ಕೊಡುತ್ತೀರಾ?

ಇನ್ನು ಮೊದಲನೆಯದು. ಇದೇ ಹಠಮಾರಿ. ಎಷ್ಟು ಸಲ ಕಿತ್ತರೂ ಪಾರ್ಥೇನಿಯಂ ಗಿಡದ ಹಾಗೆ ಮತ್ತೆ ಬರುತ್ತದೆ.

ಕೋಲೆ ಬಸವನನ್ನು ನೀವು ನೋಡಿದ್ದೀರಿ. ತಮಿಳಿನವರು ಪೂಂ ಪೂಂ ಮಾಡು ಅನ್ನುತ್ತಾರೆ. "ಅಮ್ಮನಿಗೆ ಒಳ್ಳೆಯದಾಗುತ್ತದಾ ಬಸವಾ?" ಅಂದರೆ ಗೋಣು ಆಡಿಸುತ್ತದೆ. ಅದಕ್ಕೆ ನಿಮ್ಮ ಭವಿಷ್ಯ ಗೊತ್ತಿದೆಯಾ? ಇಲ್ಲ. ಹಾಗೆ ಮಾಡಿದರೆ ತಿನ್ನಲು ಏನೋ ಸಿಗುತ್ತದೆ ಅಂತ ಗೊತ್ತಿದೆ. ಅದನ್ನು ಕಲಿಸಲು ಒಬ್ಬ ಯಜಮಾನ ಇದ್ದಾನೆ. ನಾರಾದಲ್ಲಿ ಆ ಯಜಮಾನ ನೀವೇ. ಯಾವುದೋ ಜಿಂಕೆ ಬಿಸ್ಕತ್ತು ನೋಡಿ ಚಡಪಡಿಸುತ್ತಾ ತಲೆ ಅಲ್ಲಾಡಿಸಿತು. ನೋಡಿದವರಿಗೆ ಖುಷಿಯಾಗಿ ಬಿಸ್ಕತ್ತು ಕೊಟ್ಟರು. ಮರುದಿನ ಅದು ಮತ್ತೆ ಅಲ್ಲಾಡಿಸಿತು. ದಿನಕ್ಕೆ ಸಾವಿರಾರು ಜನ ಬಂದು ಇದೇ ಪಾಠ ಮಾಡಿದರೆ ಯಾವ ದಡ್ಡ ವಿದ್ಯಾರ್ಥಿಯೂ ಪಾಸಾಗುತ್ತಾನೆ.

ನಂಬಿಕೆ ಬರಲಿಲ್ಲವಾ? ನನ್ನ ಎರಡನೇ ಭೇಟಿಯಲ್ಲಿ ಪರೀಕ್ಷೆ ಮಾಡಿದೆ. ಬಿಸ್ಕತ್ತೆಲ್ಲ ಖಾಲಿಯಾದ ಮೇಲೆ ಎರಡೂ ಅಂಗೈ ಬಿಡಿಸಿ ತೋರಿಸಿದೆ. ಆಮೇಲೆ ಭಕ್ತಿಯಿಂದ ಕೈ ಮುಗಿದೆ. ಬೆನ್ನು ನೋಯುವವರೆಗೂ ಬಾಗಿದೆ. ಒಂದೇ ಒಂದು ಜಿಂಕೆ ತಿರುಗಿ ನೋಡಲಿಲ್ಲ. ಆಗಷ್ಟೇ ಬಿಸ್ಕತ್ತು ಕೊಂಡಿದ್ದ ಪಕ್ಕದ ಹುಡುಗನಿಗೆ ಸಾಲಾಗಿ ನಮಸ್ಕಾರ ಬಿದ್ದವು. ಅವನು ಒಂದು ಸಲವೂ ಬಾಗಿರಲಿಲ್ಲ.

ನನ್ನ ಪರೀಕ್ಷೆ ಸಾಲದು ಅನ್ನುವವರಿಗೆ ದೊಡ್ಡ ಪರೀಕ್ಷೆಯನ್ನು ಕೊರೊನಾ ಮಾಡಿತು. ಪ್ರವಾಸಿಗರು ನಿಂತುಹೋದರು. ನಾರಾ ಮಹಿಳಾ ವಿಶ್ವವಿದ್ಯಾಲಯದ ಸಂಶೋಧಕರು ಜಿಂಕೆಗಳ ತಲೆಬಾಗುವಿಕೆಯನ್ನು ಎಣಿಸಿದರು. 2016–17ರ ಹೊತ್ತಿಗೆ ಒಂದು ಜಿಂಕೆ ಸರಾಸರಿ ಹತ್ತು ಸಲ ಬಾಗುತ್ತಿದ್ದದ್ದು, ಕೊರೊನಾ ಕಾಲದಲ್ಲಿ ಆರು ಸಲಕ್ಕೆ ಇಳಿದಿತ್ತು. ಊರಿನ ಸಂಸ್ಕೃತಿ ಎಲ್ಲಿಗೂ ಹೋಗಿರಲಿಲ್ಲ. ಬಿಸ್ಕತ್ತು ಹೋಗಿತ್ತು, ಅಷ್ಟೇ.

ಇಷ್ಟೆಲ್ಲ ಯಾಕೆ ಕೊರೆಯುತ್ತಿದ್ದೇನೆ? ಪೆಟ್ಟು ಬೀಳುವುದು ಈ ತಪ್ಪು ತಿಳಿವಳಿಕೆಯಿಂದಲೇ. ಜನ ಏನು ಮಾಡುತ್ತಾರೆ ಗೊತ್ತಾ? ಇನ್ನೊಂದು ನಮಸ್ಕಾರ ಮಾಡಲಿ, ಫೋಟೋ ಚೆನ್ನಾಗಿ ಬರಲಿ ಅಂತ ಬಿಸ್ಕತ್ತನ್ನು ಮೇಲೆ ಎತ್ತಿ ಹಿಡಿಯುತ್ತಾರೆ. ಜಿಂಕೆ ಬಾಗುತ್ತದೆ. ಕೊಡುವುದಿಲ್ಲ. ಬೇಗ ಬೇಗ ಬಾಗುತ್ತದೆ. ಆಗಲೂ ಕೊಡುವುದಿಲ್ಲ. ಆ ಬೇಗ ಬೇಗ ಬಾಗುವುದು ಮರ್ಯಾದೆಯಲ್ಲ, ತಾಳ್ಮೆ ಮುಗಿಯುತ್ತಿರುವ ಲಕ್ಷಣ. ಮುಂದಿನದು ಕಚ್ಚುವುದು, ಇಲ್ಲವೇ ಹಾಯುವುದು. ದನ ಕಟ್ಟಿದ ಮನೆಯವರು ಇದನ್ನು ಕೇಳಬೇಕಾದ್ದೇ ಇಲ್ಲ. ಎತ್ತು ನಿಮ್ಮ ಮುಂದೆ ತಲೆ ತಗ್ಗಿಸಿ ನಿಂತರೆ ನೀವು ಆಶೀರ್ವಾದ ಮಾಡುತ್ತೀರಾ, ಬೇಲಿ ಹಾರುತ್ತೀರಾ?

ಆದ್ದರಿಂದ ಮಗುವಿಗೆ ಹೇಳಿಕೊಡಿ: ತೋರಿಸಿದರೆ ಕೊಟ್ಟುಬಿಡಬೇಕು. ಆಟ ಆಡಿಸಬಾರದು. ಮುಗಿದ ಮೇಲೆ ಎರಡೂ ಅಂಗೈ ತೋರಿಸಬೇಕು. ಆ ಸನ್ನೆ ಅವಕ್ಕೆ ಚೆನ್ನಾಗಿ ಗೊತ್ತು.

ಕೊಡಬೇಕಾದ್ದು ಅಲ್ಲೇ ಮಾರುವ ಶಿಕಾ ಸೆಂಬೆ ಮಾತ್ರ. ಶಿಕಾ ಅಂದರೆ ಜಿಂಕೆ, ಸೆಂಬೆ ಅಂದರೆ ತೆಳ್ಳಗಿನ ಬಿಲ್ಲೆಯಂಥ ತಿಂಡಿ. ನಾನು ಕೊಂಡಾಗ ಹತ್ತರ ಕಟ್ಟಿಗೆ 200 ಯೆನ್. ಹಿಟ್ಟು ಮತ್ತು ಅಕ್ಕಿ ತೌಡಿನಲ್ಲಿ ಮಾಡಿದ್ದು, ಸಕ್ಕರೆ ಇಲ್ಲ. ಹೌದು, ನಿಮ್ಮ ಎಮ್ಮೆಗೆ ಕಲಸಿ ಇಡುವ ಅದೇ ತೌಡು. ಬ್ಯಾಗಿನಲ್ಲಿರುವ ಚಕ್ಕುಲಿ, ಕೋಡುಬಳೆ ಕೊಡಬೇಡಿ. ಪ್ಲಾಸ್ಟಿಕ್ ಕವರನ್ನಂತೂ ಕೈಯಲ್ಲಿ ಹಿಡಿಯಲೇಬೇಡಿ. 2019ರಲ್ಲಿ ಸತ್ತ ಒಂದು ಜಿಂಕೆಯ ಹೊಟ್ಟೆಯಲ್ಲಿ 4.3 ಕಿಲೋ ಪ್ಲಾಸ್ಟಿಕ್ ಸಿಕ್ಕಿತ್ತು. ಪಾರ್ಕಿನಲ್ಲಿ ಕಸದ ಡಬ್ಬಿ ಹುಡುಕಿ ಸುಸ್ತಾಗಬೇಡಿ. ಜಿಂಕೆ ಬಾಯಿ ಹಾಕುತ್ತದೆ ಅಂತಲೇ ಹಿಂದೆ ಅವನ್ನು ತೆಗೆದುಹಾಕಿದರು. ನಿಮ್ಮ ಕಸ ನಿಮ್ಮ ಬ್ಯಾಗಿಗೆ.

ನೀವು ಹೋಗುತ್ತಿರುವುದು ಅಕ್ಟೋಬರಿನಲ್ಲಿ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಗಂಡು ಜಿಂಕೆಗಳಿಗೆ ಬೆದೆಯ ಕಾಲ. ಕೆಸರು ಮೆತ್ತಿಕೊಂಡು, ಕೂಗುತ್ತಾ, ಕಣ್ಣು ಕೆಂಪಗೆ ಮಾಡಿಕೊಂಡು ತಿರುಗುತ್ತವೆ. ಇದಕ್ಕಾಗಿಯೇ 17ನೇ ಶತಮಾನದಿಂದ ಅಕ್ಟೋಬರಿನಲ್ಲಿ ಕೊಂಬು ಕತ್ತರಿಸುವ ಆಚರಣೆ ನಡೆಸುತ್ತಾರೆ. ಕೊಂಬು ಸತ್ತ ಮೂಳೆ, ಕತ್ತರಿಸಿದರೆ ನೋವಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ. ಆದರೆ ಎಲ್ಲ ಗಂಡುಗಳ ಕೊಂಬೂ ಹೋಗಿರುವುದಿಲ್ಲ, ಮತ್ತು ಕೊಂಬು ಕತ್ತರಿಸಿದರೆ ಸಿಟ್ಟು ಕತ್ತರಿಸಿದ ಹಾಗಲ್ಲ. ಗಂಡು ಕಂಡರೆ ಮಗುವನ್ನು ಎತ್ತಿಕೊಂಡು ಪಕ್ಕಕ್ಕೆ ಹೋಗಿ. ಮೇಯಿಂದ ಜುಲೈಗೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: ಅದು ಮರಿ ಹಾಕುವ ಕಾಲ. ಮರಿ ಮುಟ್ಟಿದರೆ ತಾಯಿ ಸುಮ್ನೆ ಬಿಡುವುದಿಲ್ಲ.

ಚುಕ್ಕೆ ಕಾಣದಿದ್ದರೆ ಮೋಸ ಹೋದೆವು ಅಂದುಕೊಳ್ಳಬೇಡಿ. ನಮ್ಮ ಚುಕ್ಕೆ ಜಿಂಕೆಗೆ ವರ್ಷವಿಡೀ ಚುಕ್ಕೆ. ಅಲ್ಲಿಯದು ಸಿಕಾ ಅನ್ನುವ ಬೇರೆ ಜಾತಿ, ಚಳಿಗಾಲದ ಕೂದಲು ಬಂದರೆ ಚುಕ್ಕೆ ಮಾಯ.

"ಸಾಕಿದ ಜಿಂಕೆಗಳೇ ಅಲ್ವಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಅಲ್ಲ. ಅವಕ್ಕೆ ಒಡೆಯರಿಲ್ಲ, ಕೊಟ್ಟಿಗೆಯಿಲ್ಲ. ಹೊಟ್ಟೆ ತುಂಬುವುದು ಹುಲ್ಲಿನಿಂದ, ಬಿಸ್ಕತ್ತು ಬರೀ ಬಾಯಿ ಚಪಲಕ್ಕೆ. 1957ರಲ್ಲಿ ಅವನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿದರು. ಅದಕ್ಕೂ ಮುಂಚೆ, ಯುದ್ಧ ಮುಗಿದ 1945ರಲ್ಲಿ, ಹಸಿದ ಊರಿನಲ್ಲಿ ಉಳಿದಿದ್ದವು ಬರೀ 79. ದೇವರ ದೂತ ಅನ್ನುವುದೂ ಹೊಟ್ಟೆ ತುಂಬಿದಾಗಿನ ಮಾತು, ನೋಡಿ.

ನಾರಾದ ವಿಡಿಯೋ ನೋಡಿ ಬಂದವರು ನಮ್ಮ ಹಾಸನೂರಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, ಬಿಸ್ಕತ್ತು ಹಿಡಿದು, ಜಿಂಕೆಗೆ ಕೈ ಮುಗಿಯುವುದನ್ನು ನಾನೇ ಕಂಡಿದ್ದೇನೆ. ಅಯ್ಯಾ, ಇದು ಹುಲಿ ಕಾಡು. ಇಲ್ಲಿ ಕೆಳಗಿಳಿಯುವಂತಿಲ್ಲ, ತಿನ್ನಿಸುವಂತಿಲ್ಲ. ಜಪಾನಿನ ಕೊನೆಯ ತೋಳ ಸಿಕ್ಕಿದ್ದು 1905ರಲ್ಲಿ, ಅದೂ ಇದೇ ನಾರಾ ಪ್ರಾಂತ್ಯದ ಬೆಟ್ಟದಲ್ಲಿ. ಅಲ್ಲಿಯ ಜಿಂಕೆಯನ್ನು ಅಟ್ಟಿಸಿಕೊಂಡು ಬರುವವರು ಈಗ ಯಾರೂ ಇಲ್ಲ. ನಮ್ಮ ಜಿಂಕೆ ಇರುವ ಕಡೆ ಚಿರತೆ ಇರುತ್ತದೆ, ಹುಲಿ ಇರುತ್ತದೆ, ಸೀಳುನಾಯಿ ಇರುತ್ತದೆ. ಮನುಷ್ಯರ ಮೇಲೆ, ರಸ್ತೆಯ ಮೇಲೆ ಹೆದರಿಕೆ ಕಳೆದುಕೊಂಡ ಜಿಂಕೆಗೆ ಇಲ್ಲಿ ಲಾರಿಯೇ ಯಮ.

ಇಷ್ಟು ಜನ ಕೇಳಿದರಲ್ಲ, ಒಬ್ಬರಾದರೂ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಅದೂ ತಾಳವಾಡಿಯವರೇ ಕೇಳಬೇಕಿತ್ತು. ಸಾವಿರಕ್ಕೂ ಜಾಸ್ತಿ ಜಿಂಕೆ ಬೇಲಿಯಿಲ್ಲದೆ ತಿರುಗುವ ಊರಿನಲ್ಲಿ ರೈತನ ಗತಿ ಏನು?

ಹಳೇ ಕಾಲದಲ್ಲಿ ನಾರಾದವರು ಬೆಳಗಾಗುವ ಮುಂಚೆಯೇ ಎದ್ದು ಬಾಗಿಲು ತೆರೆಯುತ್ತಿದ್ದರಂತೆ. ಮನೆ ಮುಂದೆ ಜಿಂಕೆ ಸತ್ತು ಬಿದ್ದಿದ್ದರೆ ಆರೋಪ ಆ ಮನೆಯವರ ಮೇಲೆ. ಬೇಗ ಎದ್ದವನು ಅದನ್ನು ಮೆಲ್ಲಗೆ ಪಕ್ಕದ ಮನೆ ಮುಂದೆ ಎಳೆದು ಹಾಕುತ್ತಿದ್ದ ಅಂತ ಕಥೆ. ಕಥೆಯೋ ನಿಜವೋ, ಭಯ ಮಾತ್ರ ನಿಜವಾಗಿಯೇ ಇತ್ತು. 1980ರ ಆಸುಪಾಸಿನಲ್ಲೂ ಸುತ್ತಲ ಹಳ್ಳಿಯವರು ಬೆಳೆ ಹಾಳಾಯಿತು ಅಂತ ಕೋರ್ಟಿಗೆ ಹೋದರು. ಆಮೇಲೆ ಪ್ರದೇಶವನ್ನು ವಲಯಗಳಾಗಿ ಹಂಚಿದರು. ಪಾರ್ಕಿನ ನಡುವೆ ಜಿಂಕೆಗೆ ಪೂರ್ತಿ ರಕ್ಷಣೆ. ದೂರ ಹೋದ ಹಾಗೆ ರಕ್ಷಣೆ ಕಮ್ಮಿ. 2017ರಲ್ಲಿ ಹೊರಗಿನ ವಲಯದಲ್ಲಿ ಬೆಳೆ ತಿನ್ನುವ ಜಿಂಕೆಗಳನ್ನು ಹಿಡಿದು ಕೊಲ್ಲಲೂ ಶುರು ಮಾಡಿದರು. ಪಾರ್ಕಿನಲ್ಲಿ ದೇವದೂತ, ಗದ್ದೆಗೆ ಇಳಿದರೆ ಕಳ್ಳ. ಗಡಿ ಎಲ್ಲಿದೆ ಅಂತ ಪಾಪ ಜಿಂಕೆಗೆ ಯಾರೂ ಹೇಳಿಲ್ಲ. ನಮ್ಮ ಆನೆಗಳಿಗೂ ಹೇಳಿಲ್ಲ ಬಿಡಿ.

ಎರಡನೇ ಸಲ ಹೋದಾಗ ಊರು ದಾಟಿ ಒಂದಿಷ್ಟು ದೂರ ಹೋಗಿದ್ದೆವು. ಅಲ್ಲಿ ಭತ್ತದ ಗದ್ದೆಗೆ ಬಲೆ, ಅದರ ಹೊರಗೆ ಕರೆಂಟ್ ತಂತಿ, ಮೂಲೆಯಲ್ಲೊಂದು ಪುಟ್ಟ ಸೋಲಾರ್ ಪೆಟ್ಟಿಗೆ. ಎಲ್ಲ ನಮ್ಮಲ್ಲಿ ಇರುವ ಹಾಗೇ. ಅದರದ್ದೂ ಒಂದು ಫೋಟೋ ತೆಗೆದೆ. ಮನೆಗೆ ಬಂದು ಯಜಮಾನರಿಗೆ ಮೊಬೈಲ್ ಕೊಟ್ಟೆ. ನಮಸ್ಕಾರ ಮಾಡುವ ಜಿಂಕೆಗಳ ಇನ್ನೂರು ಫೋಟೋಗಳನ್ನು ಸರಸರ ಸರಿಸಿದರು. ಬೇಲಿಯ ಫೋಟೋ ಬಂದಾಗ ನಿಂತರು. ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ ಕೇಳಿದರು: "ತಂತಿ ಎಷ್ಟು ಸಾಲು ಎಳೆದಿದ್ದಾರೆ?"